ಹಣ ತೆತ್ತು ಬರುವ ಅತಿಥಿ

ತಿಥಿಯನ್ನು ನೋಡದೆ ಬರುವವನೇ ಅತಿಥಿ ಎಂದು ಪಂಡಿತರು ಅರ್ಥ ಹೇಳುವುದುಂಟು. ಹೋಂ ಸ್ಟೇಯ ಅತಿಥಿಯಾದರೋ ತಿಥಿಯನ್ನು ಗೊತ್ತುಮಾಡಿ, ಮುಂಗಡ ಹಣ ತೆತ್ತು ಬರುವವನು. ಹಣ ಕೈಸೇರಿದೊಡನೆ ಆತಿಥ್ಯವು ವ್ಯವಹಾರವಾಗುತ್ತದೆ. ವ್ಯವಹಾರಕ್ಕೆ ಕಟ್ಟುಕಟ್ಟಳೆಗಳೂ ಉಂಟು.

2000ದ ಆಸುಪಾಸಿನಲ್ಲಿ ಕಾಫಿಯ ಬೆಲೆ ಕುಸಿದಾಗ ಕೊಡಗಿನ ಅನೇಕ ಬೆಳೆಗಾರರಿಗೆ ಮನೆಯ ಬರಿದಾದ ಕೋಣೆಗಳೇ ಆಸರೆಯಾದವು. ಇಂದು ಹಾಗೆ ಕೋಣೆ ಕೊಡುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ಮನೆಯನ್ನು ನೋಂದಾಯಿಸಬೇಕು. ವಿದೇಶೀಯನು ತಂಗಿದರೆ 24 ಗಂಟೆಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿಯೂ ಆಗಬೇಕು. ಆ ನೋಂದಣಿಯಿಲ್ಲದ ಸಣ್ಣ ಗೃಹಸ್ಥನು ಅಂತರಜಾಲದ ಮಧ್ಯವರ್ತಿಯ ಮೂಲಕ ಕೋಣೆ ಕೊಟ್ಟರೆ, ತೆರಿಗೆಯನ್ನು ಆ ಮಧ್ಯವರ್ತಿಯೇ ಕಟ್ಟಬೇಕು. ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಈ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5. ಆದಾಯ ತೆರಿಗೆಯ ಲೆಕ್ಕ ಮಾತ್ರ ಎಂದಿನಂತೆ ಗೃಹಸ್ಥನದೇ.

ಇದೆಲ್ಲ ವೃಥಾ ಕಿರುಕುಳವೆಂದು ಕೆಲವರಿಗೆ ತೋರಬಹುದು. ಆದರೆ ಮಕ್ಕಳೊಡನೆ ಅಪರಿಚಿತ ಊರಿನಲ್ಲಿ ರಾತ್ರಿ ಕಳೆಯುವ ಗೃಹಿಣಿಗೆ, ತಂಗಿದ ಮನೆಯ ಹೆಸರು ಸರ್ಕಾರದ ದಫ್ತರದಲ್ಲಿದೆ ಎಂಬುದೇ ಒಂದು ಧೈರ್ಯ. ನಿಯಮ ಪಾಲಿಸುವವನು ಖರ್ಚು ಹೊತ್ತು, ಪಾಲಿಸದವನು ಅಗ್ಗದ ದರಕ್ಕೆ ಕರೆದರೆ, ಸೋಲುವವನು ಪ್ರಾಮಾಣಿಕನೇ. ಆದುದರಿಂದ ಮುಂದಿನ ರಜೆಗೆ ಕೋಣೆ ಗೊತ್ತುಮಾಡುವಾಗ ವಾಚಕರು ಬಾಡಿಗೆಯೊಡನೆ ನೋಂದಣಿಯ ಸಂಖ್ಯೆಯನ್ನೂ ಕೇಳಲಿ.