ನಾಲ್ಕರಿಂದ ಶುರುವಾಗುವ ಲೆಕ್ಕ

ಕಂಪ್ಲಿ–ಗಂಗಾವತಿ ಸೇತುವೆಗೆ ನೀರು ಬಂತು ಅಂದರೆ ನಮ್ಮ ಕಡೆ ಯಾರೂ ಮಳೆ ಎಲ್ಲಾಯಿತು ಅಂತ ಕೇಳುವುದಿಲ್ಲ. "ಡ್ಯಾಮಿಂದ ಎಷ್ಟು ಬಿಟ್ಟಾರಂತ?" ಅಷ್ಟೇ ಪ್ರಶ್ನೆ. ಒಂದೂವರೆ ಲಕ್ಷ ಕ್ಯೂಸೆಕ್ ಆಸುಪಾಸು ಬಿಟ್ಟರೆಂದರೆ ಮೇಲೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ತಳವಾರಘಟ್ಟದಲ್ಲಿ ಹರಿಗೋಲುಗಳು ದಡ ಹತ್ತುತ್ತವೆ, ಇತ್ತ ಕಂಪ್ಲಿಯಲ್ಲಿ ಸೇತುವೆ ಬಂದ್ ಆಗಿ ಕೋಟೆ ಭಾಗದವರು ಹೊಸ್ತಿಲು ಕಾಯುತ್ತಾ ಕೂರುತ್ತಾರೆ. ಹೊಳೆ ಹರಿಯುವುದು ನಮ್ಮ ಮುಂದೆ. ಎಷ್ಟು ಹರಿಯಬೇಕೆಂಬ ತೀರ್ಮಾನ ಆಗುವುದು ಮೂವತ್ತು ಕಿಲೋಮೀಟರ್ ಮೇಲೆ, ಹೊಸಪೇಟೆಯ ಮಗ್ಗುಲಲ್ಲಿ, ತುಂಗಭದ್ರಾ ಅಣೆಕಟ್ಟಿನ 33 ಉಕ್ಕಿನ ಬಾಗಿಲುಗಳ ಬಳಿ.

ಒಂದೊಂದು ಬಾಗಿಲೂ 60 ಅಡಿ ಅಗಲ, 20 ಅಡಿ ಎತ್ತರ! ಚಿಕ್ಕಂದಿನಿಂದ ಅವುಗಳನ್ನು ನೋಡುತ್ತಲೇ ಬಂದಿದ್ದೇನೆ. ನಿಜ ಹೇಳಬೇಕೆಂದರೆ, ನೋಡಿದ್ದು ಅವುಗಳ ಕೆಳಗಿಂದ ಧುಮುಕುವ ನೀರನ್ನು ಮಾತ್ರ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕತ್ತರಿಸಿ ಗೇಟು ಕೊಚ್ಚಿಹೋದ ಮೇಲೆಯೇ ನೀರನ್ನು ಬಿಟ್ಟು ಬಾಗಿಲನ್ನು ನೋಡುವುದು ಶುರುವಾಯಿತು. ಜಲಾಶಯ ತುಂಬಿತ್ತು, 105 ಟಿಎಂಸಿ. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ಕೇಳುವವರಿಲ್ಲದೆ ಹೋಗುತ್ತಿತ್ತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವುಗಳನ್ನೂ ತೆರೆಯಬೇಕಾಯಿತು. ಆಮೇಲೆ ನಡೆದದ್ದನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸಪೇಟೆ ಸುತ್ತಿನ ವರ್ಕ್‌ಶಾಪ್‌ಗಳೂ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯೂ ಹಗಲು ರಾತ್ರಿ ಉಕ್ಕು ಕೊರೆದು ಬೆಸೆದು, ಕಿಂಡಿಗೆ ಅಡ್ಡ ಇಳಿಸುವ ಸ್ಟಾಪ್‌ಲಾಗ್ ತುಂಡುಗಳನ್ನು ತಯಾರಿಸಿದವು. ಹರಿಯುವ ನೀರಿನಲ್ಲೇ ಒಂದರ ಮೇಲೊಂದು ತುಂಡು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿದರು. ಒಂದೇ ವಾರದಲ್ಲಿ!

ಆದರೂ ಒಂದು ಪ್ರಶ್ನೆ ಬೆನ್ನು ಬಿಡಲಿಲ್ಲ. ಚೈನ್ ತುಂಡಾಗುವ ಮುಂಚೆ ಸವೆದಿರುತ್ತದಲ್ಲ? ಒಂದು ಕಡೆ ಹೆಚ್ಚು ಬಿಗಿದು, ಇನ್ನೊಂದು ಕಡೆ ಸಡಿಲವಾಗಿರುತ್ತದಲ್ಲ? ಅದನ್ನು ಆ ಚೈನೇ ನಮಗೆ ಹೇಳುವಂತೆ ಮಾಡಬಹುದೇ?

ಉತ್ತರ ಹುಡುಕುತ್ತಾ ಹೋದವನು ಮೆಡಿಟರೇನಿಯನ್ ಸಮುದ್ರದ ಐಷಾರಾಮಿ ವಿಹಾರ ನೌಕೆಗಳ ಎಂಜಿನ್ ಕೋಣೆಗೆ ಹೋಗಿ ಮುಟ್ಟುತ್ತೇನೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ!

ಕೋಟ್ಯಧೀಶರ ಯಾಟ್ ಎಂದೊಡನೆ ನಮಗೆ ಬಿಳಿ ಸೋಫಾ, ಈಜುಕೊಳ, ಹೆಲಿಪ್ಯಾಡ್ ನೆನಪಾಗುತ್ತವೆ. ನಿಜವಾದ ಬೆರಗು ಇರುವುದು ಅವುಗಳ ಕೆಳಗೆ. ರಾತ್ರಿ ಹೊತ್ತು ಎಂಜಿನ್ ಕೋಣೆಯಲ್ಲಿ ಒಬ್ಬರೂ ಇರದ ಹಡಗುಗಳಿವೆ. ಎಣ್ಣೆಯ ಒತ್ತಡ, ತಂಪು ನೀರಿನ ಬಿಸಿ, ಜನರೇಟರಿನ ಹೊರೆ, ಹಡಗಿನ ತಳದಲ್ಲಿ ಸೋರಿ ನಿಂತ ನೀರಿನ ಮಟ್ಟ, ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ, ಇವನ್ನೆಲ್ಲ ನೂರಾರು ಸೆನ್ಸರ್‌ಗಳು ಕ್ಷಣಕ್ಷಣಕ್ಕೂ ಅಳೆಯುತ್ತವೆ. ಅಳತೆ ಮಿತಿ ಮೀರಿದರೆ ಪಂಪು ತಾನೇ ಚಾಲೂ ಆಗುತ್ತದೆ, ಮಲಗಿರುವ ಎಂಜಿನಿಯರನ ಕೋಣೆಯಲ್ಲಿ ಅಲಾರಂ ಕೂಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಚುಕ್ಕಾಣಿ ಕಾಯುವ ಅಧಿಕಾರಿ ಎಚ್ಚರವಾಗಿದ್ದಾನೋ ಇಲ್ಲವೋ ಅನ್ನುವುದನ್ನೂ ಒಂದು ಯಂತ್ರ ನೋಡಿಕೊಳ್ಳುತ್ತದೆ. 3ರಿಂದ 12 ನಿಮಿಷಗಳೊಳಗೆ ನಿಗದಿ ಮಾಡಿದ ಅವಧಿಗೊಮ್ಮೆ ಆತ ಇದ್ದಾನೆಂಬ ಸುಳಿವು ಅದಕ್ಕೆ ಸಿಗಬೇಕು. ಸಿಗದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಗಂಟೆ, ಆಗಲೂ ಸದ್ದಿಲ್ಲವೆಂದರೆ ಕ್ಯಾಪ್ಟನ್‌ಗೆ ಕರೆ. ಮನುಷ್ಯ ಯಂತ್ರವನ್ನು ಕಾಯುತ್ತಾನೆ, ಯಂತ್ರ ಮನುಷ್ಯನನ್ನು ಕಾಯುತ್ತದೆ!

ಇಂಥ ಹಡಗೊಂದು ಇಪ್ಪತ್ತು ವರ್ಷ ದುಡಿದು ದುರಸ್ತಿಗೆ ಬಂದಾಗ ಹಳೆಯ ನಿಯಂತ್ರಣ ಪೆಟ್ಟಿಗೆಗಳಿಗೆ ಬಿಡಿಭಾಗ ಸಿಗುವುದಿಲ್ಲ, ಪರದೆಗಳು ಮಂಕಾಗಿರುತ್ತವೆ. ಎಲ್ಲವನ್ನೂ ಕಿತ್ತೆಸೆಯಬೇಕೇ? ಬೇಕಿಲ್ಲ. ಗೋಡೆಯೊಳಗೆ ಕಿಲೋಮೀಟರುಗಟ್ಟಲೆ ಓಡಿರುವ ತಂತಿಯನ್ನೂ ಒಳ್ಳೆಯ ಸ್ಥಿತಿಯಲ್ಲಿರುವ ಸೆನ್ಸರುಗಳನ್ನೂ ಹಾಗೆಯೇ ಉಳಿಸಿಕೊಂಡು, ಲೆಕ್ಕ ಹಾಕುವ ಪಿಎಲ್‌ಸಿ ಪೆಟ್ಟಿಗೆಯನ್ನು ಮಾತ್ರ ಹೊಸದು ತಂದು ಜೋಡಿಸಬಹುದು. ದಶಕಗಳ ಹಿಂದಿನ ಸೆನ್ಸರು ಇವತ್ತಿನ ಕಂಪ್ಯೂಟರಿನ ಜೊತೆ ಸಲೀಸಾಗಿ ಮಾತಾಡುತ್ತದೆ. ಅದು ಹೇಗೆ ಸಾಧ್ಯ ಅಂತ ನೋಡಲು ಹೋದಾಗ ಸಿಕ್ಕಿತು ನೋಡಿ, ನನ್ನನ್ನು ಕಟ್ಟಿಹಾಕಿದ ಆ ಸಂಗತಿ.

ಸೆನ್ಸರಿನಿಂದ ಪೆಟ್ಟಿಗೆಗೆ ಎರಡೇ ತಂತಿ. ಅದರೊಳಗೆ ಹರಿಯುವ ಕರೆಂಟು 4ರಿಂದ 20 ಮಿಲಿಆಂಪಿಯರ್. ತೊಟ್ಟಿ ಪೂರ್ತಿ ತುಂಬಿದ್ದರೆ 20, ಅರ್ಧವಿದ್ದರೆ 12, ಖಾಲಿ ಇದ್ದರೆ 4. ಖಾಲಿ ಇದ್ದರೆ ಸೊನ್ನೆ ಅಲ್ಲವೇ ಇರಬೇಕಾದದ್ದು? ನಾಲ್ಕು ಯಾಕೆ? ಯಾಕೆಂದರೆ ಸೊನ್ನೆಯನ್ನು ಬೇರೊಂದು ಸುದ್ದಿಗಾಗಿ ಕಾದಿರಿಸಿದ್ದಾರೆ! ತಂತಿ ತುಂಡಾಯಿತು, ಇಲಿ ಕಡಿಯಿತು, ಸೆನ್ಸರ್ ಸತ್ತಿತು ಅಂದರೆ ಕರೆಂಟು ಸೊನ್ನೆಗೆ ಬೀಳುತ್ತದೆ. ಪೆಟ್ಟಿಗೆಗೆ ಆ ಕ್ಷಣವೇ ಗೊತ್ತಾಗುತ್ತದೆ: ತೊಟ್ಟಿ ಖಾಲಿಯಾಗಿಲ್ಲ, ತೊಟ್ಟಿಯ ಸುದ್ದಿ ಹೇಳುವವನೇ ಇಲ್ಲ. "ಏನೂ ಇಲ್ಲ" ಅನ್ನುವ ಉತ್ತರ ಬೇರೆ, ಉತ್ತರವೇ ಬಾರದಿರುವುದು ಬೇರೆ. ಇಷ್ಟು ಸೂಕ್ಷ್ಮವಾದ ವಿವೇಕವನ್ನು ಎರಡು ತಾಮ್ರದ ಎಳೆಗಳಲ್ಲಿ ಕೂರಿಸಿದ್ದಾರಲ್ಲ! ವಿಹಾರ ನೌಕೆಯಲ್ಲೂ ಇದೇ ಲೆಕ್ಕ, ಸಿಮೆಂಟ್ ಕಾರ್ಖಾನೆಯಲ್ಲೂ ಇದೇ, ಅಣೆಕಟ್ಟಿನ ಗೇಟಿನಲ್ಲೂ ಇದೇ.

ಇಷ್ಟಿದ್ದೂ ಸೆನ್ಸರ್ ಸುಳ್ಳು ಹೇಳಬಲ್ಲದು. ಅಮೆರಿಕದ ಮಿಸೌರಿ ರಾಜ್ಯದ ಟಾಮ್ ಸಾಕ್ ಎಂಬಲ್ಲಿ ಬೆಟ್ಟದ ತುದಿಗೆ ಕಟ್ಟಿದ ಜಲಾಶಯವಿತ್ತು. ಕೆಳಗಿಂದ ನೀರನ್ನು ಪಂಪು ಮಾಡಿ ತುಂಬಿಸಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ ವ್ಯವಸ್ಥೆ ಅದು. ನೀರಿನ ಮಟ್ಟ ಅಳೆಯುವ ಸೆನ್ಸರುಗಳನ್ನು ಹಿಡಿದಿದ್ದ ಕೊಳವೆಗಳು ತಮ್ಮ ಜಾಗದಿಂದ ಕಿತ್ತು ಸರಿದಿದ್ದವು. ತಂತಿ ಸರಿಯಿತ್ತು, ಕರೆಂಟು ಸರಿಯಿತ್ತು, ಓದು ಮಾತ್ರ ನಿಜಕ್ಕಿಂತ ಕಡಿಮೆ ಬರುತ್ತಿತ್ತು. ಕೊನೆಯ ಕಾವಲಾಗಿ ಇಟ್ಟಿದ್ದ ಇನ್ನೊಂದು ಜೊತೆ ಸೆನ್ಸರುಗಳನ್ನು ತೀರಾ ಎತ್ತರಕ್ಕೆ ಕಟ್ಟಿದ್ದರು. 2005ರ ಡಿಸೆಂಬರ್ 14ರ ಬೆಳಗಿನ ಜಾವ ಪಂಪುಗಳು ಸಮಯಕ್ಕೆ ನಿಲ್ಲಲಿಲ್ಲ. ನೀರು ಏರಿ ಮೇಲಿಂದ ಚೆಲ್ಲಿ, ಗೋಡೆ ಒಡೆದು, ಅರ್ಧ ಗಂಟೆಯೊಳಗೆ ಇಡೀ ಜಲಾಶಯ ಬೆಟ್ಟದಿಂದ ಇಳಿಯಿತು. ಕೆಳಗಿದ್ದ ಉದ್ಯಾನದ ಮೇಲ್ವಿಚಾರಕನ ಮನೆ ಕೊಚ್ಚಿಹೋಯಿತು. ಗಂಡ, ಹೆಂಡತಿ, ಮೂವರು ಎಳೆಯ ಮಕ್ಕಳು, ಎಲ್ಲರೂ ಬದುಕಿ ಉಳಿದರು. ಈ ಕಥೆ ತಿಳಿದ ಮೇಲೆ ನೀರಿನ ಮಟ್ಟ ಅಳೆಯುವ ಯಾವ ಸೆನ್ಸರಿನ ಬಗ್ಗೆ ಓದಿದರೂ ಕೇಳಿಕೊಳ್ಳುತ್ತೇನೆ: ಇದರ ಮಾತು ನಿಜವೋ ಅಲ್ಲವೋ ಅಂತ ನೋಡಲು ಬೇರೆ ಬಗೆಯ ಇನ್ನೊಂದು ಅಳತೆ ಪಕ್ಕದಲ್ಲಿದೆಯೇ?

ಹಾಗಾದರೆ ತಂತಿಯೇ ಇಲ್ಲದೆ, ಕರೆಂಟೇ ಇಲ್ಲದೆ, ನೀರೇ ತನ್ನ ಬಾಗಿಲು ತೆರೆದುಕೊಳ್ಳುವಂತೆ ಮಾಡಿದರೆ? ಮಾಡಿದ್ದಾರೆ! ನಮ್ಮವರೇ ಮಾಡಿದ್ದಾರೆ! ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲೇ ಸ್ವಯಂಚಾಲಿತ ಗೇಟು ಕೂರಿಸಿದರು. ನೀರು ನಿಗದಿತ ಮಟ್ಟ ಮುಟ್ಟಿದೊಡನೆ ಅವು ತಾವೇ ತೆರೆದುಕೊಳ್ಳುತ್ತಿದ್ದವು, ಇಳಿದೊಡನೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಅದಕ್ಕೆ ಪೇಟೆಂಟನ್ನೂ ಪಡೆದರು. ಮುಂದೆ ಕೃಷ್ಣರಾಜಸಾಗರಕ್ಕೂ ಸ್ವಯಂಚಾಲಿತ ಗೇಟುಗಳು ಬಂದವು.

ಇನ್ನೂ ಬೆರಗು ಬೇಕೆಂದರೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗಬೇಕು. ಶಿಂಷಾ ನದಿಯ ಆ ಜಲಾಶಯದಲ್ಲಿ ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್ ಅವರ ಸೈಫನ್‌ಗಳಿವೆ. ಬ್ಯಾರಲ್ಲಿಗೆ ಪೈಪು ಇಳಿಬಿಟ್ಟು ಒಮ್ಮೆ ಬಾಯಿಂದ ಎಳೆದರೆ ಸೀಮೆಎಣ್ಣೆ ತಾನೇ ಹರಿಯುತ್ತದಲ್ಲ, ಅದೇ ತತ್ವ. ಆದರೆ ಜಲಾಶಯಕ್ಕೆ ಬಾಯಿ ಹಾಕಿ ಎಳೆಯುವವರು ಯಾರು? ಗಣೇಶ ಅಯ್ಯರ್ ಆ ಕೆಲಸವನ್ನೂ ನೀರಿಗೇ ವಹಿಸಿದರು. ಗುಮ್ಮಟದ ಕೆಳಗೆ ಒಂದು ದೊಡ್ಡ ಆಲಿಕೆ, ಆಲಿಕೆಯ ಅಂಚಿಗೆ ಸುರುಳಿಯಾಗಿ ತಿರುಗಿದ ರೆಕ್ಕೆಗಳು. ಜಲಾಶಯ ತುಂಬಿ ನೀರು ಅಂಚು ದಾಟಿದೊಡನೆ ರೆಕ್ಕೆಗಳು ಅದನ್ನು ತಿರುಗಿಸುತ್ತವೆ. ಸುಳಿ ಏಳುತ್ತದೆ. ಸುಳಿ ಒಳಗಿನ ಗಾಳಿಯನ್ನೆಲ್ಲ ಹೀರಿ ಕೆಳಗೆ ಒಯ್ಯುತ್ತದೆ. ಗಾಳಿ ಖಾಲಿಯಾದ ಗಳಿಗೆಗೆ ಸೈಫನ್ ಹಿಡಿದುಕೊಂಡು ಕೊಳವೆ ತುಂಬಾ ನೀರು ಭೋರ್ಗರೆದು ಹೊರಬೀಳುತ್ತದೆ! ಮಟ್ಟ ಇಳಿದಾಗ ಗಾಳಿ ಒಳನುಗ್ಗಿ ಸೈಫನ್ ಕಡಿಯುತ್ತದೆ, ಹರಿವು ನಿಲ್ಲುತ್ತದೆ. ಕಾವಲುಗಾರನಿಲ್ಲ, ಮೋಟಾರಿಲ್ಲ, ಚೈನಿಲ್ಲ. ಅಳೆಯುವುದು, ತೀರ್ಮಾನಿಸುವುದು, ತೆರೆಯುವುದು ಮೂರನ್ನೂ ಒಂದು ಆಕಾರವೇ ಮಾಡಿ ಮುಗಿಸುತ್ತದೆ. ನಮ್ಮ ಶಾಲಾ ಮಕ್ಕಳಿಗೆ ಕೆಆರ್‌ಎಸ್ ಕಾರಂಜಿ ತೋರಿಸುವ ಮುಂಚೆ ಇದನ್ನು ತೋರಿಸಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸೈಫನ್ನಿಗೆ ಒಂದು ಮಿತಿಯಿದೆ. ಕಟ್ಟಿದವರು ನಿಗದಿ ಮಾಡಿದ ಒಂದೇ ಮಟ್ಟ ಅದಕ್ಕೆ ಗೊತ್ತು. ನಾಳೆ ಮಳೆ ಬರುತ್ತದೆ, ಇವತ್ತೇ ಸ್ವಲ್ಪ ಬಿಡೋಣ ಅನ್ನುವುದು ಅದಕ್ಕೆ ತಿಳಿಯದು. ಕಾಲುವೆಯ ಕೊನೆಯ ರೈತನ ಗದ್ದೆ ಒಣಗಿದೆ ಅನ್ನುವುದೂ ತಿಳಿಯದು. ಇವನ್ನೆಲ್ಲ ತಿಳಿಯಲು ಬೇಕಾಗುವುದು ದೂರದಿಂದ ಕಂಡು ದೂರದಿಂದಲೇ ಕೈಯಾಡಿಸುವ ವ್ಯವಸ್ಥೆ, ಎಂಜಿನಿಯರುಗಳು ಸ್ಕಾಡಾ ಅನ್ನುವುದು. ಅದೂ ನಮ್ಮ ಪಕ್ಕದಲ್ಲೇ ಇದೆ. ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ಕೃಷ್ಣಾ ಭಾಗ್ಯ ಜಲ ನಿಗಮ ನವೀಕರಿಸಿ ಅದರ ಗೇಟುಗಳಿಗೆ ಸ್ಕಾಡಾ ಅಳವಡಿಸಿತು. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. 10 ಸಾವಿರ ಕ್ಯೂಸೆಕ್ ಸಾಮರ್ಥ್ಯ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳು! ವಿತರಣಾ ಕಾಲುವೆಗಳ ಸಾವಿರಾರು ಗೇಟುಗಳು ಬಿಸಿಲಿನಿಂದ ವಿದ್ಯುತ್ ಪಡೆದು, ತಮ್ಮ ಮೂಲಕ ಹರಿದ ನೀರನ್ನು ತಾವೇ ಅಳೆದು, ರೇಡಿಯೋ ಮೂಲಕ ನಿಯಂತ್ರಣ ಕೇಂದ್ರಕ್ಕೆ ವರದಿ ಒಪ್ಪಿಸಿ, ಅಲ್ಲಿಂದ ಬಂದ ಆಜ್ಞೆಯಂತೆ ಏರಿಳಿಯುತ್ತವೆ. ಮೇಲಿನವರು ಎಷ್ಟು ಎಳೆದುಕೊಂಡರು, ಕೊನೆಗೆ ಎಷ್ಟು ಮುಟ್ಟಿತು ಎಂಬ ಕಾಲುವೆಯಷ್ಟೇ ಹಳೆಯ ಜಗಳಕ್ಕೆ ಈಗ ಅಂಕಿಯ ಸಾಕ್ಷಿ ಸಿಗುತ್ತದೆ. ವಿಹಾರ ನೌಕೆಯ ಎಂಜಿನ್ ಕೋಣೆಯಲ್ಲಿ ನಡೆಯುವ ಕೆಲಸವೇ ಸುರಪುರದ ಹೊಲಗಳ ನಡುವೆಯೂ ನಡೆದಿದೆ. ಅಲ್ಲಿ ಕೆಲವರ ವಿಹಾರಕ್ಕೆ, ಇಲ್ಲಿ ಮೂರು ಲಕ್ಷ ರೈತರ ಅನ್ನಕ್ಕೆ!

ಈಗ ತುಂಗಭದ್ರೆಗೆ ಬರೋಣ. 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಟ್ಟಿ ಮುಗಿದು, ಎಪ್ಪತ್ತು ವರ್ಷ ದಾಟಿದ ಅಣೆಕಟ್ಟು. 19ನೇ ಗೇಟಿನ ಘಟನೆಯ ನಂತರ 2025ರಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು, ಅದಕ್ಕಾಗಿ ರೈತರು ಎರಡನೇ ಬೆಳೆಯ ನೀರನ್ನೂ ಬಿಟ್ಟುಕೊಡಬೇಕಾಯಿತು. ಅಷ್ಟು ದೊಡ್ಡ ಬೆಲೆ ತೆತ್ತು ತರುವ ಗೇಟು ಮೂಕ ಗೇಟಾಗಬಾರದು. ಪ್ರತಿ ಚೈನಿನ ಎಳೆತವನ್ನು ಅಳೆಯುವ ಲೋಡ್ ಸೆಲ್ ಇರಲಿ, ಗೇಟು ಎಷ್ಟು ಅಡಿ ಎದ್ದಿದೆ, ಎರಡೂ ಬದಿ ಸಮನಾಗಿ ಏಳುತ್ತಿದೆಯೇ ಅಂತ ತೋರಿಸುವ ಎನ್‌ಕೋಡರ್ ಇರಲಿ. ನೀರಿನ ಮಟ್ಟವನ್ನು ಎರಡು ಬೇರೆ ಬೇರೆ ವಿಧಾನದಲ್ಲಿ ಅಳೆದು, ಎರಡೂ ಹೊಂದದಿದ್ದರೆ ಕೂಗಿ ಹೇಳುವ ಅಲಾರಂ ಇರಲಿ. ಗೇಟುಗಳ ಖರ್ಚಿನ ಮುಂದೆ ಇದು ಸಣ್ಣ ಖರ್ಚು. ಕರೆಂಟು ಹೋದಾಗ ಕೈಯಿಂದ ಎತ್ತುವ ವ್ಯವಸ್ಥೆಯೂ ಅದನ್ನು ಬಲ್ಲ ಸಿಬ್ಬಂದಿಯೂ ಉಳಿದೇ ಇರಬೇಕು. ಆಗಸ್ಟ್‌ನ ಆ ವಾರ ನಮ್ಮನ್ನು ಕಾಪಾಡಿದ್ದು ಮನುಷ್ಯರ ಕೈಗಳೇ.

ಆ ಅಂಕಿಗಳು ಡ್ಯಾಂ ಕಚೇರಿಯ ಪರದೆಯಲ್ಲೇ ಉಳಿಯಬಾರದು. ಕಂಪ್ಲಿ ಸೇತುವೆಯ ಎರಡೂ ತುದಿಗೆ ಒಂದೊಂದು ಫಲಕ ಬರಲಿ: ಈಗ ಎಷ್ಟು ಬಿಟ್ಟಿದ್ದಾರೆ, ಎಷ್ಟು ಹೊತ್ತಿಗೆ ಇಲ್ಲಿಗೆ ಮುಟ್ಟುತ್ತದೆ. ಮೀನುಗಾರರಿಗೆ, ಹೊಳೆದಂಡೆಯ ಭತ್ತದ ರೈತರಿಗೆ, ಕೋಟೆಯ ಮನೆಗಳಿಗೆ ಆ ಸುದ್ದಿ ಸೈರನ್ ಆಗಿ, ಫೋನಿನ ಸಂದೇಶವಾಗಿ ಬರಲಿ. ಓದುಗರೇ, ನೀರಾವರಿ ಸಲಹಾ ಸಭೆಗೆ ಹೋಗುವವರು ನಿಮ್ಮಲ್ಲಿದ್ದರೆ, ನಿಮ್ಮ ಶಾಸಕರನ್ನು ಕಾಣುವವರಿದ್ದರೆ, ಎಷ್ಟು ಟಿಎಂಸಿ ಅನ್ನುವುದರ ಜೊತೆಗೆ ಈ ಎರಡು ಪ್ರಶ್ನೆಗಳನ್ನೂ ಕೇಳಿ: ಹೊಸ ಗೇಟಿನ ಚೈನಿಗೆ ಸೆನ್ಸರ್ ಹಾಕಿದ್ದೀರಾ? ಅದರ ತಂತಿ ಕತ್ತರಿಸಿದರೆ ನಿಮ್ಮ ಪರದೆ ಏನು ತೋರಿಸುತ್ತದೆ?