ಮಾದರಿ ಸಹಿ ಮತ್ತು ದೂರದ ಕಂಪ್ಯೂಟರು

ನಾನು ಕೆಲಸಕ್ಕಿದ್ದ ಬ್ಯಾಂಕ್ ಶಾಖೆಗೆ ಕಂಪ್ಯೂಟರು ಬಂದ ಹೊಸತರಲ್ಲಿ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೆವು. ವರ್ಗವಾಗಿ ಹೋದವರಿಗೂ ಅದು ಗೊತ್ತಿತ್ತು. ಒಂದು ದಿನ ಲೆಕ್ಕ ತಪ್ಪಿತು. ಕೈ ಹಾಕಿದವರು ಯಾರೆಂದು ಹೇಳಲಾಗದೆ ಎಲ್ಲರೂ ತಲೆ ತಗ್ಗಿಸಿ ನಿಂತೆವು. ಇಂದಿನ ವಿಷಯಕ್ಕೂ ಆ ಚೀಟಿಗೂ ಸಂಬಂಧವಿದೆ.

ಕೆಲವು ಶಾಲೆ, ಗ್ರಂಥಾಲಯಗಳಲ್ಲಿ ಥಿನ್ ಕ್ಲೈಂಟ್ ಎಂಬ ಸಣ್ಣ ಕಂಪ್ಯೂಟರುಗಳಿರುತ್ತವೆ. ಅವುಗಳಿಗೆ ಹಾರ್ಡ್ ಡಿಸ್ಕ್ ಬೇಕೆಂದಿಲ್ಲ. ಸ್ವಿಚ್ ಹಾಕಿದೊಡನೆ ಸರ್ವರ್ ಎಂಬ ಮುಖ್ಯ ಯಂತ್ರದಿಂದ ತಮ್ಮ ವ್ಯವಸ್ಥೆಯನ್ನೆಲ್ಲ ತರಿಸಿಕೊಳ್ಳುತ್ತವೆ. 1999ರಲ್ಲಿ ಆರಂಭವಾದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಇದೇ ಬಗೆಯದು.

ಇಪ್ಪತ್ತರಲ್ಲಿ ಒಂದು ಕೆಟ್ಟರೆ, ನೋಡಿಕೊಳ್ಳುವವರು ಕುಳಿತಲ್ಲಿಂದಲೇ ಅದರೊಳಗೆ ಹೋಗಿ ಸರಿಪಡಿಸಬಹುದು. ಅದಕ್ಕೆ ಹಲವು ಸಲ 'ರೂಟ್' ಎಂಬ ಯಜಮಾನನ ಅಧಿಕಾರ ಬೇಕು. ರೂಟ್ ಆದವರು ಎಲ್ಲವನ್ನೂ ಸರಿಪಡಿಸಬಲ್ಲರು, ಎಲ್ಲವನ್ನೂ ಅಳಿಸಲೂ ಬಲ್ಲರು.

ಹಿಂದೆ ಟೆಲ್‌ನೆಟ್ ಎಂಬ ದಾರಿಯಿತ್ತು. ಅದರಲ್ಲಿ ಗುಪ್ತಪದ ಅಂಚೆ ಕಾರ್ಡಿನ ಬರಹದಂತೆ ತೆರೆದೇ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳು ಕಳವಾದ ಬಳಿಕ ಅಲ್ಲಿನ ತಾತು ಯಲೊನೆನ್ ಅವರು ಎಸ್‌ಎಸ್‌ಎಚ್ ರಚಿಸಿದರು. ಇದರಲ್ಲಿ ಹೋಗುವುದೂ ಬರುವುದೂ ಸಂಕೇತವಾಗಿಯೇ.

ಗುಪ್ತಪದವಿಲ್ಲದೆಯೂ ಇದರಲ್ಲಿ ಒಳಹೋಗಬಹುದು. ಹೇಗೆ? ಬ್ಯಾಂಕಿನಲ್ಲಿ ನಿಮ್ಮ ಮಾದರಿ ಸಹಿಯ ಕಾರ್ಡು ಇರುತ್ತದೆ, ಸಹಿ ಹಾಕುವ ಕೈ ಮಾತ್ರ ನಿಮ್ಮದು. ಇಲ್ಲಿಯೂ ಹಾಗೆ ಒಂದು ಜೋಡಿ ಕೀಲಿ. ಬಹಿರಂಗ ಕೀಲಿಯೇ ಮಾದರಿ ಕಾರ್ಡು, ಅದು ಥಿನ್ ಕ್ಲೈಂಟಿನಲ್ಲಿರುತ್ತದೆ. ಖಾಸಗಿ ಕೀಲಿಯೇ ನಿಮ್ಮ ಕೈ. ಪ್ರತಿ ಸಲವೂ ಹೊಸ ಸಹಿ, ಹಳೆಯದು ನಡೆಯದು. ಕಾಗದದ ಸಹಿಯಂತೆ ಕಾರ್ಡು ನೋಡಿ ನಕಲು ಮಾಡಲೂ ಆಗದು. 2015ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0 ರಿಂದ, ನಾವೇ ಬದಲಿಸದ ಹೊರತು ಬರೀ ಗುಪ್ತಪದದಿಂದ ರೂಟ್ ಒಳಹೋಗುವಂತಿಲ್ಲ.

ಮೂರು ಮಾತು ನೆನಪಿಡಿ. ಒಂದು, ಸರ್ವರಿನಲ್ಲಿರುವ ಮೂಲಪ್ರತಿಯಲ್ಲಿ ಬಹಿರಂಗ ಕೀಲಿ ಸೇರಿಸಿದರೆ ಸಾಕು. ಮುಂದಿನ ಸಲ ಚಾಲೂ ಆದಾಗ ಎಲ್ಲ ಯಂತ್ರಗಳಿಗೂ ಅದು ತಲಪುತ್ತದೆ. ಎರಡು, ಖಾಸಗಿ ಕೀಲಿಯನ್ನು ಆ ಮೂಲಪ್ರತಿಯಲ್ಲಿ ಎಂದಿಗೂ ಇಡಬೇಡಿ. ಅದನ್ನು ಎಲ್ಲ ಯಂತ್ರಗಳೂ ಓದುತ್ತವೆ, ಜಾಲದಲ್ಲಿರುವ ಬೇರೆಯವರೂ ಓದಬಹುದು. ಮೂರು, ಒಬ್ಬೊಬ್ಬರಿಗೂ ಬೇರೆ ಕೀಲಿ ಇರಲಿ. ಕೆಲಸ ಬಿಟ್ಟವರ ಕೀಲಿಯನ್ನು ಅಂದೇ ತೆಗೆದು, ಯಂತ್ರಗಳನ್ನು ಮತ್ತೆ ಚಾಲೂ ಮಾಡಿ.

ನಮ್ಮ ಶಾಖೆಯಲ್ಲಿ ಹೀಗೊಂದು ಪಟ್ಟಿಯಿದ್ದಿದ್ದರೆ ಅಂದು ಅಷ್ಟು ಜನ ತಲೆ ತಗ್ಗಿಸಬೇಕಾಗಿರಲಿಲ್ಲ. ನಿಮ್ಮೂರಿನ ಶಾಲೆಯಲ್ಲಿ ಇಂಥ ಯಂತ್ರಗಳಿದ್ದರೆ ಒಮ್ಮೆ ವಿಚಾರಿಸಿ: ಪಟ್ಟಿಯಲ್ಲಿ ಈಗ ಯಾರ ಯಾರ ಕೀಲಿಗಳಿವೆ?