ಬಿಯರಿನ ಚರಟ, ಬ್ರೆಡ್ಡಿನ ಹಿಟ್ಟು

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಿತ್ರರೊಬ್ಬರ ಮನೆಗೆ ಒಂದು ಭಾನುವಾರ ನಾವು ಹೋಗಿದ್ದೆವು. ಅವರ ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಪಾತ್ರೆಯೊಂದರ ತುಂಬ ನೆನೆದು ಉಬ್ಬಿದ ಕಂದು ಬಣ್ಣದ ಧಾನ್ಯ ಹಬೆಯಾಡುತ್ತಿತ್ತು. ಅದರ ವಾಸನೆ ನಮ್ಮ ಮನೆಗಳಲ್ಲಿ ರಾಗಿಯ ಹುರಿಹಿಟ್ಟಿಗೆ ಬೆಲ್ಲ ಬೆರೆಸಿದಾಗ ಬರುವ ವಾಸನೆಗೆ ಬಹಳ ಸಮೀಪವಾದುದು. ಮಿತ್ರರು ಅಂದು ಮನೆಯಲ್ಲಿಯೇ ಬಿಯರು ತಯಾರಿಸುತ್ತಿದ್ದರು. ಪಾತ್ರೆಯಲ್ಲಿದ್ದುದು ಅದರ ಚರಟ. ಇದನ್ನೇನು ಮಾಡುತ್ತೀರೆಂದು ಕೇಳಿದೆವು. "ಅರ್ಧ ಗೊಬ್ಬರದ ಗುಂಡಿಗೆ, ಅರ್ಧ ಬ್ರೆಡ್ಡಿಗೆ" ಎಂದರು. ಮದ್ಯದ ಗಾಳಿಯೂ ಸುಳಿಯದ ಮನೆಯಲ್ಲಿ ಬೆಳೆದ ನಮಗೆ, ಆ ಬ್ರೆಡ್ಡನ್ನು ಮುಟ್ಟಬಹುದೇ ಎಂಬ ಅಳುಕು ಉಂಟಾದದ್ದು ಸಹಜ.

ಆ ಅಳುಕಿಗೆ ಆಧಾರವಿಲ್ಲವೆಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಬಿಯರಿನಲ್ಲಿ ಮದ್ಯಸಾರವನ್ನು ಉಂಟುಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಧಾನ್ಯವನ್ನು ಸೋಸಿ ತೆಗೆಯುವುದಾದರೋ ಯೀಸ್ಟನ್ನು ಹಾಕುವುದಕ್ಕೆ ಎಷ್ಟೋ ಮೊದಲು. ಆದ್ದರಿಂದ ಚರಟದಲ್ಲಿ ಮದ್ಯಸಾರ ಇರುವುದಿಲ್ಲ. ಅದು ಮೊಳೆತು ಒಣಗಿದ ಬಾರ್ಲಿ. ಬಿಸಿನೀರಿನಲ್ಲಿ ತನ್ನ ಸಿಹಿಯನ್ನು ಬಿಟ್ಟುಕೊಟ್ಟು ಉಳಿದಿರುವ ಬಾರ್ಲಿ, ಅಷ್ಟೆ.

ಇಂಗ್ಲೆಂಡಿನಲ್ಲಿ ಮನೆಯ ಬಿಯರಿಗೆ ದೀರ್ಘವಾದ ಇತಿಹಾಸವಿದೆ. 1880ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಸುಂಕವನ್ನು ಹಾಕಿದಾಗ, ಮನೆಯಲ್ಲಿ ತಯಾರಿಸುವವರಿಗೂ ಪರವಾನಗಿಯ ಕಟ್ಟುಪಾಡು ಬಂದಿತು. 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಮಾಡಿದ ಮೇಲೆ ಈ ಹವ್ಯಾಸ ಮನೆಮನೆಗೆ ಹಬ್ಬಿತು. ಅಮೆರಿಕದಲ್ಲಿ ಇದೇ ಬಗೆಯ ಸಡಿಲಿಕೆ ದೊರೆತದ್ದು ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿಹಾಕಿದ ಕಾನೂನಿನಿಂದ. ನಮ್ಮ ನಾಡಿನಲ್ಲಿ ಪರವಾನಗಿಯಿಲ್ಲದೆ ಬಿಯರು ತಯಾರಿಸುವುದು ಅಪರಾಧವಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ನಮ್ಮ ಗಮನ ಇಲ್ಲಿರುವುದು ಪಾನೀಯದ ಮೇಲಲ್ಲ, ಚರಟದ ಮೇಲೆ.

ಬಾರ್ಲಿಯ ಕಾಳಿನಲ್ಲಿ ಬಹುಭಾಗ ಪಿಷ್ಟ. ಯೀಸ್ಟಿಗೆ ಪಿಷ್ಟ ದಕ್ಕದು, ಸಕ್ಕರೆ ಬೇಕು. ಕಾಳನ್ನು ನೆನೆಸಿ ನಾಲ್ಕೈದು ದಿನ ಮೊಳೆಯಲು ಬಿಟ್ಟರೆ ಪಿಷ್ಟವನ್ನು ಒಡೆಯುವ ಕಿಣ್ವಗಳು ಅದರೊಳಗೆ ಸಜ್ಜಾಗುತ್ತವೆ. ಎಳೆಯ ಸಸಿಗೆ ಉಣಿಸಲು ಬೀಜ ಮಾಡಿಕೊಳ್ಳುವ ಏರ್ಪಾಡು ಇದು. ಸಸಿ ಬೆಳೆಯುವ ಮೊದಲೇ ಮೊಳಕೆಯನ್ನು ಹದವಾದ ಶಾಖದಲ್ಲಿ ಒಣಗಿಸಿಬಿಟ್ಟರೆ ಕಿಣ್ವಗಳು ಅಲ್ಲಿಯೇ ತಡೆದು ನಿಲ್ಲುತ್ತವೆ. ಹೀಗೆ ಒಣಗಿಸಿದ ಕಾಳೇ ಮಾಲ್ಟು. 1833ರಲ್ಲಿ ಪ್ಯಾರಿಸಿನಲ್ಲಿ ಪಯೆನ್ ಮತ್ತು ಪರ್ಸೋ ಎಂಬ ರಸಾಯನವಿಜ್ಞಾನಿಗಳು ಮಾಲ್ಟನ್ನು ನೆನೆಸಿದ ನೀರಿಗೆ ಆಲ್ಕೊಹಾಲ್ ಬೆರೆಸಿ, ಪಿಷ್ಟವನ್ನು ಸಕ್ಕರೆಯಾಗಿಸುವ ಒತ್ತರವೊಂದನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂದಿಗೂ ಕಿಣ್ವಗಳ ಹೆಸರಿನ ಕೊನೆಯಲ್ಲಿ ಬರುವ 'ಏಸ್' ಎಂಬ ಬಾಲ ಬಂದದ್ದು ಅಲ್ಲಿಂದಲೇ. ಜೀವರಸಾಯನಶಾಸ್ತ್ರದ ಒಂದು ಮುಖ್ಯ ಅಧ್ಯಾಯ ಬಿಯರಿನ ಧಾನ್ಯದಿಂದ ಆರಂಭವಾಯಿತೆಂದರೆ ತಪ್ಪಾಗದು.

ನಮ್ಮ ಮಿತ್ರರು ತರಿತರಿಯಾಗಿ ಒಡೆದ ನಾಲ್ಕೂವರೆ ಕಿಲೋಗ್ರಾಂ ಮಾಲ್ಟನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟಿದ್ದರು. ಈ ಬಿಸಿಯ ಆಯ್ಕೆ ಅಕಸ್ಮಾತ್ತಾದುದಲ್ಲ. ಪಿಷ್ಟದ ಉದ್ದನೆಯ ಸರಪಳಿಯನ್ನು ಆಲ್ಫಾ ಅಮೈಲೇಸ್ ನಡುನಡುವೆ ಕಡಿಯುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡೇ ಕೊಂಡಿಗಳನ್ನು ಕತ್ತರಿಸಿ ಮಾಲ್ಟೋಸ್ ಸಕ್ಕರೆಯನ್ನು ಕೊಡುತ್ತದೆ. 70 ಡಿಗ್ರಿ ದಾಟಿದರೆ ಎರಡನೆಯದು ಬೇಗನೆ ಕೆಡುತ್ತದೆ. ತೀರ ತಣ್ಣಗಿದ್ದರೆ ಪಿಷ್ಟವೇ ಸಡಿಲವಾಗುವುದಿಲ್ಲ. ಮೊದಲಿಗೆ ಒಂದು ತೊಟ್ಟು ಟಿಂಕ್ಚರ್ ಅಯೋಡಿನ್ ಹಾಕಿದಾಗ ನೀರು ಕಡುನೀಲಿಗೆ ತಿರುಗಿತು. ಗಂಟೆ ಕಳೆದ ಮೇಲೆ ತೆಗೆದ ತಿಳಿಯಲ್ಲಿ ಆ ನೀಲಿ ಕಾಣಲಿಲ್ಲ. ಪಿಷ್ಟ ಮುಗಿದಿತ್ತು. ಸಿಹಿನೀರನ್ನು ಕೆಳಗಿನಿಂದ ಬಸಿದು, ಮೇಲಿನಿಂದ ಬಿಸಿನೀರೆರೆದು ತೊಳೆದರು. ಇಲ್ಲಿ ಜರಡಿಯ ಕೆಲಸವನ್ನು ಮಾಡುವುದು ಬಾರ್ಲಿಯ ಹೊಟ್ಟೇ.

ಈಗ ಲೆಕ್ಕ ಹಾಕೋಣ. ನಾಲ್ಕೂವರೆ ಕಿಲೋಗ್ರಾಂನಲ್ಲಿ ಮೂರು ಕಿಲೋಗ್ರಾಂಗೂ ಹೆಚ್ಚು ನೀರಿನಲ್ಲಿ ಕರಗಿಹೋಯಿತು. ಉಳಿದ ಘನವಸ್ತು ಒಂದು ಕಾಲು, ಒಂದೂವರೆ ಕಿಲೋಗ್ರಾಂ ಮಾತ್ರ. ಆದರೆ ಅದು ನಾಲ್ಕೂವರೆ ಲೀಟರಿನಷ್ಟು ನೀರನ್ನು ಹಿಡಿದುಕೊಂಡಿರುವುದರಿಂದ ಹಸಿಯ ಚರಟ ಆರು ಕಿಲೋಗ್ರಾಂ ತೂಗುತ್ತದೆ. ಪಾತ್ರೆಯಲ್ಲಿ ಕಾಣುವುದರಲ್ಲಿ ಮುಕ್ಕಾಲು ಭಾಗಕ್ಕೂ ಮಿಕ್ಕಿ ನೀರು! ಇನ್ನೊಂದು ಸೋಜಿಗವೂ ಉಂಟು. ನೂರು ಗ್ರಾಂ ಮಾಲ್ಟಿನಲ್ಲಿ ಪ್ರೋಟೀನು ಸುಮಾರು ಹತ್ತು ಗ್ರಾಂ. ಪಿಷ್ಟವೆಲ್ಲ ಹೋಗಿ ಮೂವತ್ತು ಗ್ರಾಂ ಉಳಿದಾಗ, ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ಕರಗದೆ ಅದರಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಒಣಗಿದ ಚರಟದಲ್ಲಿ ಪ್ರೋಟೀನು ಐದರಲ್ಲೊಂದು ಪಾಲಿನಷ್ಟಾಗುತ್ತದೆ, ಅರ್ಧದಷ್ಟು ನಾರು. ಕಸವೆಂದು ಚೆಲ್ಲುವ ವಸ್ತುವಿನಲ್ಲಿ ಮೂಲ ಧಾನ್ಯದಲ್ಲಿದ್ದುದರ ಎರಡರಷ್ಟು ಪ್ರೋಟೀನಿನ ಅಂಶ! ಬಿಯರಿನ ಕಾರ್ಖಾನೆಗಳ ಚರಟಕ್ಕೆ ದನ ಸಾಕುವವರು ಕಾದು ನಿಲ್ಲುವುದರ ಗುಟ್ಟು ಇಲ್ಲಿದೆ.

ಇಷ್ಟು ಒಳ್ಳೆಯ ವಸ್ತುವನ್ನು ಎಲ್ಲರೂ ಏಕೆ ಉಳಿಸಿಕೊಳ್ಳುವುದಿಲ್ಲ? ಅದು ನಮಗಾಗಿ ಕಾಯುವುದಿಲ್ಲವೆಂಬುದೇ ಉತ್ತರ. ಬೆಚ್ಚಗಿನ ತೇವ, ಅಳಿದುಳಿದ ಸಕ್ಕರೆ, ಪ್ರೋಟೀನು ಇವು ಮೂರೂ ಕೂಡಿರುವಲ್ಲಿ ಬ್ಯಾಕ್ಟೀರಿಯಗಳಿಗೆ ಹಬ್ಬ. ಒಂದೆರಡು ದಿನಗಳಲ್ಲೇ ಚರಟ ಹುಳಿತು, ಬೂಸಲು ಹಿಡಿಯುತ್ತದೆ. ನಮ್ಮ ಬೇಸಗೆಯಲ್ಲಾದರೆ ಅಷ್ಟೂ ತಾಳದು. ಆ ದಿನವೇ ಬಳಸಬೇಕು, ಇಲ್ಲವೇ ಹಿಮಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಬೇಕು, ಅದೂ ಇಲ್ಲವಾದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ನೂರು ಡಿಗ್ರಿಗೆ ಮೀರದ ಓವನ್ನಿನಲ್ಲಿ ಆಗಾಗ ಕೆದಕುತ್ತ ಹಲವು ಗಂಟೆ ಒಣಗಿಸಬೇಕು. ಹಿಡಿಯಲ್ಲಿ ಹಿಸುಕಿದರೆ ಹೊಟ್ಟಿನಂತೆ ಗರಗರ ಎನ್ನುವಷ್ಟು ಒಣಗಿದ ಮೇಲೆ ಬೀಸಿ ಹಿಟ್ಟು ಮಾಡಿ ಡಬ್ಬದಲ್ಲಿ ಇಡಬಹುದು.

ಬ್ರೆಡ್ಡನ್ನು ನಾವೇ ಮಾಡುತ್ತೇವೆಂದು ಉತ್ಸಾಹದಿಂದ ಮುಂದೆ ಬಂದೆವು. ಐನೂರು ಗ್ರಾಂ ಗೋದಿಹಿಟ್ಟಿಗೆ ನಾನೂರು ಗ್ರಾಂ ಹಸಿ ಚರಟವನ್ನು ಸುರಿದು, ಎಂದಿನಂತೆ 325 ಗ್ರಾಂ ನೀರು ಹಾಕಿದೆವು. ಆಗಿನ್ನೂ ಮೇಲಿನ ಲೆಕ್ಕ ನಮಗೆ ತಿಳಿದಿರಲಿಲ್ಲ. ಚರಟ ತನ್ನೊಡನೆ ಮುನ್ನೂರು ಗ್ರಾಂ ನೀರು ತಂದಿತ್ತು! ಕಣಕ ದೋಸೆಯ ಹಿಟ್ಟಾಯಿತು. ಹಿಡಿಹಿಡಿಯಾಗಿ ಹಿಟ್ಟು ಸೇರಿಸಿ ಹೇಗೋ ಮುದ್ದೆ ಕಟ್ಟಿದೆವು. ಓವನ್ನಿನಿಂದ ಹೊರಬಂದ ವಸ್ತು ಹೊರಗೆ ಕಪ್ಪು, ಒಳಗೆ ಹಸಿ. ಎತ್ತರ ಮೂರು ಬೆರಳು. ಹೊಟ್ಟಿನ ಚೂರುಗಳು ಹಲ್ಲಿನ ಸಂದಿಗೆ ಸಿಕ್ಕಿದುವು. ಮಿತ್ರರ ಮಕ್ಕಳು ಅದನ್ನು ತೂಗಿನೋಡಿ ಇಟ್ಟಿಗೆಯೆಂದು ನಾಮಕರಣ ಮಾಡಿದರು. ಅವರನ್ನು ದೂರುವಂತಿರಲಿಲ್ಲ.

ನೀರೊಂದೇ ಅಪರಾಧಿಯಲ್ಲ. ಗೋದಿಹಿಟ್ಟನ್ನು ನಾದಿದಾಗ ಅದರ ಪ್ರೋಟೀನುಗಳು ಹೆಣೆದುಕೊಂಡು ಗ್ಲೂಟೆನ್ ಎಂಬ ಎಳೆಯುವ ಪೊರೆಯಾಗುತ್ತವೆ. ಯೀಸ್ಟ್ ಹೊರಬಿಡುವ ಅನಿಲವನ್ನು ಈ ಪೊರೆ ಬಲೂನಿನಂತೆ ಹಿಡಿದಿಡುವುದರಿಂದಲೇ ಬ್ರೆಡ್ಡು ಉಬ್ಬುವುದು. ಚರಟದ ಪ್ರೋಟೀನಿಗೆ ಇಂಥ ಪೊರೆ ಕಟ್ಟುವ ಶಕ್ತಿಯಿಲ್ಲ. ಹೊಟ್ಟಿನ ಮೊನೆಗಳು ಇರುವ ಪೊರೆಯನ್ನೂ ಹರಿಯುತ್ತವೆ. ನಾರು ಗ್ಲೂಟೆನ್ನಿಗೆ ಬೇಕಾದ ನೀರನ್ನು ತಾನು ಹೀರುತ್ತದೆ. ತೂತುಬಿದ್ದ ಬಲೂನು ಉಬ್ಬುವುದೆಂತು?

ಎರಡನೆಯ ಬಾರಿ ಮಿತ್ರರ ಮಾತಿಗೆ ಕಿವಿಗೊಟ್ಟೆವು. ಅದೇ ಐನೂರು ಗ್ರಾಂ ಹಿಟ್ಟಿಗೆ ಇನ್ನೂರು ಗ್ರಾಂ ಹಸಿ ಚರಟ. ಅಂದರೆ ಐವತ್ತು ಗ್ರಾಂನಷ್ಟು ಘನ, ಹಿಟ್ಟಿನ ಹತ್ತರಲ್ಲೊಂದು ಪಾಲು. ಅದನ್ನು ಮೊದಲು ನುಣ್ಣಗೆ ಅರೆದು ಮೊನೆಗಳನ್ನು ಮುರಿದೆವು. ನೀರನ್ನು ಇನ್ನೂರು ಗ್ರಾಂನಿಂದ ಆರಂಭಿಸಿ, ಕಣಕದ ಹದ ನೋಡಿ ಚಮಚದ ಲೆಕ್ಕದಲ್ಲಿ ಹೆಚ್ಚಿಸಿದೆವು. ಕಲೆಸಿದ ಮೇಲೆ ಅರ್ಧ ಗಂಟೆ ಸುಮ್ಮನೆ ಬಿಟ್ಟು, ನಾರು ತನ್ನ ಪಾಲಿನ ನೀರನ್ನು ಕುಡಿದ ನಂತರ ನಾದಿದೆವು. ಬಿಳಿಯ ಬ್ರೆಡ್ಡಿನಷ್ಟು ಎತ್ತರಕ್ಕೆ ಏಳದಿದ್ದರೂ ಈ ಸಲದ್ದು ಬ್ರೆಡ್ಡೆನ್ನಿಸಿಕೊಂಡಿತು. ಮೇಲ್ಪದರ ಕೆಂಪಗೆ, ಒಳಗೆ ಕಂದು ಚುಕ್ಕೆ, ಹುರಿದ ಕಾಯಿಯಂಥ ರುಚಿ. ಮರುದಿನವೂ ಮೆತ್ತಗೆ ಇತ್ತು. ಮಕ್ಕಳು ಬೆಣ್ಣೆ ಸವರಿ ಮುಗಿಸಿದರು.

ಬಿಯರಿಗೂ ಬ್ರೆಡ್ಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಗಾಲ್ ಮತ್ತು ಐಬೀರಿಯ ದೇಶಗಳವರು ಬಿಯರಿನ ನೊರೆಯನ್ನು ಹಿಟ್ಟಿಗೆ ಸೇರಿಸುತ್ತಿದ್ದರೆಂದೂ ಅದರಿಂದ ಅವರ ರೊಟ್ಟಿ ಹಗುರವಾಗಿರುತ್ತಿತ್ತೆಂದೂ ರೋಮಿನ ಪ್ಲಿನಿ ಕ್ರಿ. ಶ. ಮೊದಲನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಆ ನೊರೆಯಲ್ಲಿದ್ದುದು ಯೀಸ್ಟ್.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಗ್ಲೂಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಬಾರ್ಲಿಯ ಪ್ರೋಟೀನೂ ಒಗ್ಗದು. ಅವರಿಗೆ ಈ ಬ್ರೆಡ್ಡು ಸಲ್ಲದು. ಚರಟದಿಂದ ನಾಯಿಗೆ ಬಿಸ್ಕತ್ತು ಮಾಡುವ ರೂಢಿ ಅಮೆರಿಕದಲ್ಲಿ ಬಹಳವಾಗಿದೆ. ಆದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ನಾಯಿಗೆ ವಿಷ. ಅದು ಮೈಯ ಶಾಖವನ್ನು ಪ್ರಾಣಾಂತಿಕವಾಗಿ ಏರಿಸಬಲ್ಲದು. ಹಾಪ್ಸ್ ಸೋಕದ ಚರಟವನ್ನೇ ಬಳಸತಕ್ಕದ್ದು.

ಬೆಂಗಳೂರಿನಲ್ಲಿ ಪರವಾನಗಿ ಪಡೆದು ತಾವೇ ಬಿಯರು ತಯಾರಿಸಿ ಬಡಿಸುವ ಸಣ್ಣ ಮದ್ಯಾಗಾರಗಳು ಈಗ ಹಲವಿವೆ. ಚರಟಕ್ಕೆ ಅಲ್ಲಿ ಕೊರತೆಯಿಲ್ಲ. ನಮ್ಮ ಊಟಕ್ಕೆ ಅದು ಬ್ರೆಡ್ಡಿಗಿಂತ ಚೆನ್ನಾಗಿ ಹೊಂದುತ್ತದೆಂದು ನಮ್ಮ ಅಭಿಪ್ರಾಯ. ಚಪಾತಿಯಾಗಲಿ ರೊಟ್ಟಿಯಾಗಲಿ ಬ್ರೆಡ್ಡಿನಂತೆ ಉಬ್ಬಿ ನಿಲ್ಲಬೇಕಾಗಿಲ್ಲವಾದ್ದರಿಂದ ಹರಿದ ಪೊರೆಯ ಚಿಂತೆ ಅಲ್ಲಿ ಕಡಮೆ. ಊರಿಗೆ ಮರಳಿದ ಮೇಲೆ, ಮಿತ್ರರು ಕಟ್ಟಿಕೊಟ್ಟಿದ್ದ ಒಣ ಹಿಟ್ಟನ್ನು ರಾಗಿಹಿಟ್ಟಿನೊಡನೆ ಬೆರೆಸಿ, ಈರುಳ್ಳಿ ಹಸಿಮೆಣಸು ಹಾಕಿ ಕಾವಲಿಯ ಮೇಲೆ ತಟ್ಟಿದೆವು. ಇನ್ನೊಂದು ಬೇಕೆಂದು ತಟ್ಟೆ ಮುಂದೆ ಮಾಡಿದವರಿಗೆ ಹಿಟ್ಟಿನ ಮೂಲವನ್ನು ಊಟವಾದ ಮೇಲೆ ಹೇಳಿದೆವು.